ಕೂಡ್ಲಿಗಿಯ ಬಂಡೆಗೂ ಉಬ್ಬರವಿದೆ!

ಜಗತ್ತಿನ ಅತಿ ಎತ್ತರದ ಉಬ್ಬರ ಎಲ್ಲಿ ಎಂದು ಕೇಳಿದರೆ ಭೂಗೋಳದ ಮೇಷ್ಟ್ರು ಕೆನಡಾದ ಫಂಡಿ ಕೊಲ್ಲಿಯ ಮೇಲೆ ಬೆರಳಿಡುತ್ತಾರೆ. ಅಲ್ಲಿ ಕಡಲು ಸುಮಾರು 16 ಮೀಟರ್ ಏರಿ ಇಳಿಯುತ್ತದೆ. ಅಂದರೆ ಐವತ್ತೆರಡು ಅಡಿಗೂ ಮಿಕ್ಕಿ! ಈಗ ಆ ಬೆರಳನ್ನು ಅಲ್ಲಿಂದ ಎತ್ತಿ ಸೀದಾ ಹಗರಿಬೊಮ್ಮನಹಳ್ಳಿಗೆ ತನ್ನಿ. ಆ ತಾಲ್ಲೂಕಿನವರೆಗೆ ಹಿನ್ನೀರು ಚಾಚುವ ತುಂಗಭದ್ರಾ ಜಲಾಶಯ ತುಂಬಿ ನಿಂತಾಗ ನೀರಿನ ಮಟ್ಟ 1633 ಅಡಿ. ಮೇ ತಿಂಗಳಲ್ಲಿ ಅದು 1580 ಅಡಿಗಿಂತ ಕೆಳಗೆ ಹೋದ ವರ್ಷಗಳುಂಟು. ಕಳೆದು ನೋಡಿ. ಐವತ್ತಮೂರು ಅಡಿ, ಇನ್ನೂ ಹೆಚ್ಚು! ಫಂಡಿ ಕೊಲ್ಲಿಯನ್ನು ನೋಡಲು ಜನ ವಿಮಾನ ಹತ್ತಿ ಹೋಗುತ್ತಾರೆ. ಅಷ್ಟೇ ಎತ್ತರದ ಏರಿಳಿತ ನಮ್ಮ ಬಸ್ಸಿನ ಕಿಟಕಿಯಾಚೆ ಎಷ್ಟೋ ವರ್ಷ ನಡೆಯುತ್ತದೆ, ನಾವು ಟಿಕೆಟ್ಟಿನ ಚಿಲ್ಲರೆ ಎಣಿಸುತ್ತ ಕೂತಿದ್ದೇವೆ.

ವ್ಯತ್ಯಾಸ ಇಷ್ಟೇ: ಅಲ್ಲಿ ಆರು ತಾಸಿನಲ್ಲಿ ಆಗುವುದು ಇಲ್ಲಿ ವರ್ಷಕ್ಕೆ ಒಂದು ಸಲ ಆಗುತ್ತದೆ. ಅಲ್ಲಿ ಎಳೆಯುವವನು ಚಂದ್ರ, ಇಲ್ಲಿ ತುಂಬುವುದು ಮುಂಗಾರು. ಆದರೆ ದಡದಲ್ಲಿ ನಿಂತವರ ಕಣ್ಣಿಗೆ ಕಾಣುವುದು ಒಂದೇ: ನೆಲ ನೀರಾಗುತ್ತದೆ, ನೀರು ನೆಲವಾಗುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದು ಹೆಸರು ಕೇಳಿದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು, ಬರ, ಮೆಕ್ಕೆಜೋಳ, ಸಾವಿರ ಅಡಿ ಕೊರೆದರೂ ಒಣಗಿಯೇ ಉಳಿದ ಬೋರು. ಕಡಲು ದೂರ, ಹಡಗಲಿಯಿಂದ ಕುಮಟಾದ ತೀರಕ್ಕೆ ಹಕ್ಕಿ ಹಾರುವ ದಾರಿಯಲ್ಲಿ ಅಳೆದರೂ ಸುಮಾರು 175 ಕಿಲೋಮೀಟರ್. ಇಲ್ಲಿ ಉಬ್ಬರ-ಇಳಿತದ ಮಾತೆಂಥದ್ದು ಅನ್ನಿಸಬಹುದು. ನನಗೂ ಅದು ಹೀಗೆ ಒಂದೊಂದಾಗಿ ಬಿಚ್ಚಿಕೊಳ್ಳುತ್ತದೆಂಬ ಅಂದಾಜಿರಲಿಲ್ಲ. ನೀರಿನ ಉಬ್ಬರ ಕಂಡಿತು. ಅದರ ಬೆನ್ನಿಗೆ ಗಾಳಿಯ ಉಬ್ಬರ. ಆಮೇಲೆ, ಹೇಳಿದರೆ ಯಾರೂ ನಂಬಲಾರರು ಅನ್ನಿಸುವ ಇನ್ನೊಂದು, ಬಂಡೆಯ ಉಬ್ಬರ!

ಮೊದಲು ನೀರು. ಕರಾವಳಿಯಲ್ಲಿ ಮೀನುಗಾರರಿಗೆ ಉಬ್ಬರದ ವೇಳಾಪಟ್ಟಿ ಇದ್ದಂತೆ ನಮಗೂ ಒಂದಿದೆ. ಮಳೆಗಾಲದಲ್ಲಿ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ಆ ಸಣ್ಣ ಚೌಕ: ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಅದನ್ನು ಕತ್ತರಿಸಿ ಇಟ್ಟುಕೊಂಡು ದಿನಕ್ಕೊಂದು ಚುಕ್ಕೆಯಂತೆ ಚೌಕಳಿ ಹಾಳೆಯ ಮೇಲೆ ಗುರುತು ಹಾಕುತ್ತ ಹೋಗಿ. ಜುಲೈನಲ್ಲಿ ಗೆರೆ ಜಿಗಿಯುತ್ತದೆ, ಆಗಸ್ಟಿನಲ್ಲಿ ತುದಿ ಮುಟ್ಟುತ್ತದೆ, ಡಿಸೆಂಬರಿನಿಂದ ಜಾರಲು ಶುರುವಾಗಿ ಬೇಸಿಗೆಯ ತನಕ ಜಾರುತ್ತಲೇ ಇರುತ್ತದೆ. ಏರು ಚುರುಕು, ಇಳಿವು ನಿಧಾನ.

ಈಗ ಆ ಒಂದು ಅಡಿಗೆ ನೆಲದ ಮೇಲೆ ಎಷ್ಟು ಬೆಲೆ ನೋಡಿ. ಇನ್ನೂರು ಅಡಿ ನಡೆದರೆ ಒಂದಡಿ ಇಳಿಯುವ ಚಪ್ಪಟೆ ಎರೆಹೊಲ ಎಂದಿಟ್ಟುಕೊಳ್ಳೋಣ. ಜಲಾಶಯ ಒಂದಡಿ ಇಳಿದರೆ ದಡ ಇನ್ನೂರು ಅಡಿ ಹಿಂದೆ ಸರಿಯಿತು. ಐವತ್ತಮೂರು ಅಡಿ ಇಳಿದರೆ? ಹತ್ತು ಸಾವಿರದ ಆರುನೂರು ಅಡಿ. ಮೂರು ಕಿಲೋಮೀಟರಿಗೂ ಹೆಚ್ಚು! ಶ್ರಾವಣದಲ್ಲಿ ತೆಪ್ಪ ತೇಲಿದ ಜಾಗದಲ್ಲಿ ಯುಗಾದಿಗೆ ಕುರಿಹಿಂಡು ಮೇಯುತ್ತದೆ.

ಹಿನ್ನೀರಿನ ದಡದಲ್ಲಿ ಏಪ್ರಿಲ್ ತಿಂಗಳಲ್ಲಿ ಮಂಡಿಯೂರಿ ಕೂತು ನೋಡಬೇಕು. ನಿಂತು ನೋಡಿದರೆ ಕಾಣುವುದು ಬರೀ ಬಯಲು. ಕೂತರೆ ಮೆಟ್ಟಿಲುಗಳು ಕಾಣುತ್ತವೆ, ಒಂದೊಂದು ನಾಲ್ಕು ಬೆರಳಿನ ಎತ್ತರದವು, ದಡದುದ್ದಕ್ಕೂ ಒಂದರ ಕೆಳಗೊಂದು. ನೀರು ಇಳಿಯುತ್ತ ಇಳಿಯುತ್ತ ಕೆಲವು ದಿನ ಒಂದೇ ಮಟ್ಟದಲ್ಲಿ ನಿಂತಾಗ ತೆರೆಗಳು ಬಡಿದು ಬಡಿದು ಮಣ್ಣನ್ನು ಕಡಿದ ಗುರುತು ಅದು. ನಾಲೆಗೆ ನೀರು ಬಿಟ್ಟ ವಾರ, ನಿಲ್ಲಿಸಿದ ವಾರ, ಎಲ್ಲವೂ ದಡದಲ್ಲಿ ಬರೆದಿದೆ! ಒಂದು ಚಿಟಿಕೆ ಮರಳನ್ನು ಅಂಗೈ ಮೇಲೆ ಹರಡಿ. ಗಾಜಿನ ಚೂರಿನಂಥ ಬೆಳ್ಳನೆಯದು ಬೆಣಚು. ತಿಳಿ ಗುಲಾಬಿ ಬಣ್ಣದ ಚಪ್ಪಟೆ ಕಾಳು ಗ್ರಾನೈಟಿನದು. ನೀರಂಚಿನ ಗೆರೆಯ ಉದ್ದಕ್ಕೂ ಕಾಡಿಗೆ ಎಳೆದಂತೆ ಕಾಣುವ ಕಪ್ಪು ಪಟ್ಟಿಗೆ ಅಯಸ್ಕಾಂತ ಹಿಡಿದರೆ ಕಾಳುಗಳು ನೆಟ್ಟಗೆ ನಿಂತು ಅಂಟಿಕೊಳ್ಳುತ್ತವೆ. ತೂಕದ ಕಾಳು ಒಂದು ಕಡೆ, ಹಗುರದ್ದು ಒಂದು ಕಡೆ, ತೆರೆಯೇ ಕೂತು ಕೇರಿ ಹಸನು ಮಾಡಿದೆ. ಮರವಂತೆಯ ಕಡಲತೀರದಲ್ಲಿ ನಡೆಯುವುದೂ ಇದೇ ಕೆಲಸ. ನಡುನಡುವೆ ಸಿಹಿನೀರಿನ ಚಿಪ್ಪುಗಳು, ಒಳಮೈಯಲ್ಲಿ ಮುತ್ತಿನ ಹೊಳಪು ಇನ್ನೂ ಆರದಂಥವು. ಒಂದು ಮಾತು: ನೀರಂಚಿಗೆ ಹೋಗುವಾಗ ಕುರಿಗಳ ಹೆಜ್ಜೆ ಇರುವಲ್ಲೇ ಹೆಜ್ಜೆ ಇಡಿ. ಮೇಲೆ ಒಣಗಿ ಬಿರುಕು ಬಿಟ್ಟ ಹೂಳಿನ ಕೆಳಗೆ ಸೊಂಟದವರೆಗೆ ಎಳೆಯುವ ಕೆಸರಿರುತ್ತದೆ. 133 ಟಿಎಂಸಿ ಹಿಡಿಯಲೆಂದು ಕಟ್ಟಿದ ಜಲಾಶಯದಲ್ಲಿ ಈಗ ಹಿಡಿಯುವುದು ಸುಮಾರು 105 ಟಿಎಂಸಿ. ಉಳಿದ ಜಾಗವನ್ನು ತುಂಬಿರುವುದು ಇದೇ ಹೂಳು.

ಇಳಿತ ಬರೀ ಚಿಪ್ಪನ್ನು ಬಿಟ್ಟು ಹೋಗುವುದಿಲ್ಲ. ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ರಂದು. 1953ರಲ್ಲಿ ನೀರು ನಿಂತಾಗ ಎರಡೂ ದಂಡೆಯ ತೊಂಬತ್ತರಷ್ಟು ಊರುಗಳು ಒಳಗೆ ಹೋದವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟೆದ್ದರು. ಬೇಸಿಗೆಯಲ್ಲಿ ನೀರು ತೀರಾ ಹಿಂದೆ ಸರಿದಾಗ ಗೋಡೆಯ ಬುಡ, ಕಲ್ಲು ಕಂಬ, ಬಾವಿಯ ಸುತ್ತುಗಟ್ಟು ಮೇಲೆ ಬರುತ್ತವೆ. ಹಂಪಸಾಗರದ ಕಡೆಯ ದಡದಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಹಿರಿಯರನ್ನು ಮಾತಿಗೆಳೆದೆ.

“ಅಜ್ಜಾರೆ, ನೀರು ಇಷ್ಟು ದೂರ ಹೋಗಿದೆಯಲ್ಲ, ಮತ್ತೆ ಇಲ್ಲಿಗೆ ಬರ್ತದಾ?”

“ಬರ್ದೇ ಏನ್ ಮಾಡ್ತತಿ ತಮ್ಮಾ? ಅದು ಹಿಂದಕ್ ಹೋದಾಗ ಭೂಮಿ ನಮ್ದು, ಮುಂದಕ್ ಬಂದಾಗ ಅದರ್ದು. ನಾವು ಅಷ್ಟ್ರೊಳಗ ಬಿತ್ತಿ ಬೆಳ್ಕೋಬೇಕು.”

ನೀರು ಸರಿದ ಹಸಿ ನೆಲದಲ್ಲಿ ಬಿತ್ತಿ, ಅದು ತಿರುಗಿ ಬರುವುದರೊಳಗೆ ಕೊಯ್ದು ಮುಗಿಸುವ ಲೆಕ್ಕ ಅವರದು. ಇಳಿತದ ಹೊತ್ತು ನೋಡಿ ಚಿಪ್ಪು ಹೆಕ್ಕಲು ಇಳಿಯುವ ಅಘನಾಶಿನಿಯ ಹೆಂಗಸರ ಲೆಕ್ಕಕ್ಕೂ ಇದಕ್ಕೂ ಅಂತರವೇನಿದೆ?

ನೀರು ತಿರುಗಿ ಬರುವ ರೀತಿಯಂತೂ ಮೈ ಜುಮ್ಮೆನ್ನಿಸುತ್ತದೆ. ಜೂನ್ ಕೊನೆ. ಹಗರಿಬೊಮ್ಮನಹಳ್ಳಿಯಲ್ಲಿ ಮೋಡವಿದ್ದರೂ ಹನಿಯಿಲ್ಲ, ಗಾಳಿ ಮಾತ್ರ ಬೀಸುತ್ತಿದೆ, ರೈತರು ಆಕಾಶ ನೋಡುತ್ತಿದ್ದಾರೆ. ಅಂಥ ಒಣ ದಿನದಲ್ಲಿ ಹಿನ್ನೀರು ಹೊಲದೊಳಗೆ ಹೆಜ್ಜೆ ಇಡುತ್ತದೆ! ಮಳೆಯಿಲ್ಲದ ಊರಿಗೆ ನೆರೆ. ಮಳೆ ಬಿದ್ದದ್ದು ಇಲ್ಲಲ್ಲ, ಪಶ್ಚಿಮಘಟ್ಟದಲ್ಲಿ. ಅರಬ್ಬಿ ಸಮುದ್ರದ ಆವಿ ಘಟ್ಟಕ್ಕೆ ಬಡಿದು, ವರಾಹ ಪರ್ವತದ ಗಂಗಾಮೂಲದಲ್ಲಿ ಹುಟ್ಟುವ ತುಂಗೆಗೂ ಭದ್ರೆಗೂ ಇಳಿದು, ಕೂಡಲಿಯಲ್ಲಿ ಸೇರಿ, ಹರಪನಹಳ್ಳಿ ತಾಲ್ಲೂಕಿನ ಪಡುವಣ ಅಂಚನ್ನು ಸವರಿ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಚಾಲುಕ್ಯರ ಕಾಲದ ಮಲ್ಲಿಕಾರ್ಜುನ ಗುಡಿಯ ಬಳಿ ಹಾದು ಇಲ್ಲಿ ಬಂದು ನಿಲ್ಲುತ್ತದೆ. ಹಾಗಾದರೆ ಇದು ಯಾರ ಉಬ್ಬರ? ಅರಬ್ಬಿ ಸಮುದ್ರದ್ದೇ! ಘಟ್ಟ ಹತ್ತಿ ಇಳಿದು, ವರ್ಷಕ್ಕೊಮ್ಮೆ ನಮ್ಮ ಹೊಲದ ಬದುವಿನವರೆಗೆ ಬಂದು ಹೋಗುವ ಕಡಲು.

2024ರ ಆಗಸ್ಟ್ 10ರ ರಾತ್ರಿ ಈ ಲಯವೇ ತಪ್ಪಿತು. ಜಲಾಶಯ ತುಂಬಿ ತುಳುಕುತ್ತಿದ್ದಾಗ 19ನೇ ಕ್ರೆಸ್ಟ್‌ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿ ಹೋಯಿತು. ಉಬ್ಬರದ ನೆತ್ತಿಯಲ್ಲಿ ಇಳಿತ ಶುರು! ಉಳಿದ ಗೇಟುಗಳನ್ನೂ ಎತ್ತಿ ನೀರು ಬಿಡಬೇಕಾಯಿತು. ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಸ್ಟಾಪ್‌ಲಾಗ್ ಎಂಬ ತಡೆಹಲಗೆ ಇಳಿಸಿ, ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಆ ಕಾರ್ಮಿಕರ ಧೈರ್ಯ ನೆನೆದರೆ ಈಗಲೂ ಎದೆ ತುಂಬುತ್ತದೆ. ಮೇಲಿನ ಮಳೆ ಕೈಬಿಡಲಿಲ್ಲ. ಅದೇ ಹಂಗಾಮಿನಲ್ಲಿ ಜಲಾಶಯ ಮತ್ತೆ ತುಂಬಿತು.

ಹಿನ್ನೀರಿನಿಂದ ಸ್ವಲ್ಪ ಒಳಕ್ಕೆ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲೇ, ಅಂಕಸಮುದ್ರದ ಕೆರೆ. ಹಳೆಯ ಕಾಲದ ನೀರಾವರಿ ಕೆರೆ, ವಿಸ್ತೀರ್ಣ 244 ಎಕರೆ ಅಷ್ಟೇ. ನೀರೊಳಗೆ ನಿಂತ ಜಾಲಿಮರಗಳ ತುಂಬ ಗೂಡು, ಗೂಡಿನ ತುಂಬ ಕೂಗು. ಇಲ್ಲಿ ಗೂಡು ಕಟ್ಟುವ, ರಾತ್ರಿ ತಂಗುವ ನೀರುಹಕ್ಕಿಗಳು ಮೂವತ್ತು ಸಾವಿರಕ್ಕೂ ಹೆಚ್ಚು! ಬಣ್ಣದ ಕೊಕ್ಕರೆ, ಕರಿತಲೆಯ ಕೆಂಬರಲು ಇಷ್ಟು ಸಂಖ್ಯೆಯಲ್ಲಿ ಸೇರುವ ಜಾಗ ಅಪರೂಪ. 2024ರ ಜನವರಿ ಕೊನೆಯಲ್ಲಿ ಭಾರತದ ಐದು ಜೌಗುತಾಣಗಳು ಒಟ್ಟಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗುತಾಣಗಳ ರಾಮ್ಸರ್ ಪಟ್ಟಿ ಸೇರಿದ ಸುದ್ದಿ ಬಂತು. ಅದರಲ್ಲಿ ಅಂಕಸಮುದ್ರ ಒಂದು. ಗದಗ ಜಿಲ್ಲೆಯ ಮಾಗಡಿ ಕೆರೆ ಇನ್ನೊಂದು. ಮತ್ತೊಂದು? ದಿನಕ್ಕೆರಡು ಸಲ ಕಡಲು ಒಳನುಗ್ಗಿ ಹೊರಹೋಗುವ ಕುಮಟಾದ ಅಘನಾಶಿನಿ ಅಳಿವೆ! ಉಪ್ಪುನೀರಿನ ಅಳಿವೆಯೂ ಬಯಲುಸೀಮೆಯ ಕೆರೆಯೂ ಒಂದೇ ದಿನ ಒಂದೇ ಪಟ್ಟಿಯಲ್ಲಿ. ಪಟ್ಟಿ ಮಾಡಿದವರಿಗೆ ಗೊತ್ತಿತ್ತೋ ಇಲ್ಲವೋ, ನನಗಂತೂ ಆ ಎರಡು ಹೆಸರು ಅಕ್ಕಪಕ್ಕ ಕಂಡಾಗ ಕುರ್ಚಿಯಿಂದ ಎದ್ದು ನಿಲ್ಲುವಂತಾಯಿತು.

ನೀರಿಗೆ ಇಳಿಯದೆ ನೀರಿನ ಮಾತು ಮುಗಿಯುವುದಿಲ್ಲ. ಈ ಸೀಮೆಯಲ್ಲಿ ಈಜು ಎಂದರೆ ಬಾವಿ. ಬೇಸಿಗೆ ರಜೆ ಬಂತೆಂದರೆ ಕಪಿಲೆ ಹೊಡೆಯುತ್ತಿದ್ದ ಕಾಲದ ಕಲ್ಲುಗಟ್ಟಿನ ಬಾವಿಗಳ ಸುತ್ತ ಹುಡುಗರ ದಂಡು. ಬೆನ್ನಿಗೆ ಬೆಂಡು, ಇಲ್ಲದಿದ್ದರೆ ಒಣಗಿದ ಸೋರೆಬುರುಡೆ, ಈಚೆಗೆ ಎಣ್ಣೆಯ ಖಾಲಿ ಕ್ಯಾನು. ಮಾವನೋ ಚಿಕ್ಕಪ್ಪನೋ ಹಗ್ಗ ಹಿಡಿದು ಮೇಲೆ ನಿಂತಿರುತ್ತಾನೆ. ಮೇ ತಿಂಗಳ ನಡುಹಗಲು, ಹೊರಗೆ ನಲವತ್ತು ಡಿಗ್ರಿ. ಮೇಲಿನ ಮೆಟ್ಟಿಲಿಂದ ಧುಮುಕಿದರೆ ಮೊದಲ ಮಾರು ನೀರು ಹಿತವಾಗಿ ಬೆಚ್ಚಗಿರುತ್ತದೆ. ಅಲ್ಲಿಂದ ಕೆಳಗೆ ತಟಕ್ಕನೆ, ಗೆರೆ ಎಳೆದ ಹಾಗೆ, ಕೊರೆಯುವ ತಣ್ಣೀರು! ಕಾಲಿಗೆ ಚಳಿಗಾಲ, ಎದೆಗೆ ಬೇಸಿಗೆ. ಬಿಸಿಲು ಬಾವಿಯೊಳಗೆ ಇಣುಕುವುದು ಹಗಲಿನ ಸ್ವಲ್ಪ ಹೊತ್ತು ಮಾತ್ರ; ಕಾದ ನೀರು ಹಗುರ, ಅದು ಮೇಲೇ ತೇಲುತ್ತದೆ; ಕೆಳಗಿನದು ನೆಲದಡಿಯ ನೀರು, ವರ್ಷವಿಡೀ ಹೆಚ್ಚು ಕಡಿಮೆ ಒಂದೇ ಬಿಸಿಯಲ್ಲಿರುತ್ತದೆ. ಅದೇ ನೀರಿಗೆ ಡಿಸೆಂಬರಿನ ನಸುಕಿನಲ್ಲಿ ಹೋಗಿ ನೋಡಿ: ಬಾವಿಯಿಂದ ಹಬೆ ಏಳುತ್ತಿರುತ್ತದೆ, ಇಳಿದರೆ ಬೆಚ್ಚಗೆ! ನೀರು ಬದಲಾಗಿಲ್ಲ, ಮೇಲಿನ ಲೋಕ ಬದಲಾಗಿದೆ.

ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗ ನೀರು ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಧುಮುಕಿದ ಕ್ಷಣ ಉಸಿರು ತಾನಾಗಿ ಗಕ್ಕನೆ ಒಳಗೆ ಹೋಗುವುದು ಅದಕ್ಕೇ. ತಲೆ ಮುಳುಗಿದ್ದಾಗ ಹಾಗಾದರೆ ಅಪಾಯ, ಆದ್ದರಿಂದಲೇ ಊರಿನ ಹಿರಿಯರು ಮೊದಲು ಮುಖಕ್ಕೆ, ಎದೆಗೆ ನೀರು ಚಿಮುಕಿಸಿಕೊಂಡು ಇಳಿಯಲು ಹೇಳುವುದು. ಮುಖ ತಣ್ಣೀರು ಮುಟ್ಟಿ ಉಸಿರು ಕಟ್ಟಿದಾಗ ಇನ್ನೊಂದು ವಿಚಿತ್ರವೂ ನಡೆಯುತ್ತದೆ: ಎದೆಬಡಿತ ನಿಧಾನವಾಗುತ್ತದೆ. ಸೀಲ್‌ಗೂ ತಿಮಿಂಗಿಲಕ್ಕೂ ಇರುವ ಗುಣವೇ ಇದು. ಕೊಟ್ಟೂರಿನ ಬಾವಿಯಲ್ಲಿ ಮುಳುಗು ಹಾಕಿದ ಹುಡುಗನ ಎದೆಯಲ್ಲಿ ಒಂದು ಸಮುದ್ರಜೀವಿ ಎಚ್ಚರಗೊಳ್ಳುತ್ತದೆ! ಈ ಬಾವಿಗಳು ಈಗ ಬತ್ತುತ್ತಿವೆ; ಸುತ್ತ ಕೊರೆದ ಬೋರುಗಳು ನೀರನ್ನು ಕೆಳಕ್ಕೆ ಎಳೆದಿವೆ. ಎಷ್ಟೋ ಬಾವಿ ಕಸದ ಗುಂಡಿಯಾಗಿರುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಉಳಿದವುಗಳನ್ನಾದರೂ ಊರಿನವರು ಹೂಳು ತೆಗೆಸಿ ಕಾಪಾಡಬೇಕು.

ಸರಿ, ಚಂದ್ರನ ಕತೆ ಏನಾಯಿತು? ಜಲಾಶಯದ ಮೇಲೆ ಅವನ ಹಿಡಿತ ನಡೆಯುವುದಿಲ್ಲವೇ? ನಡೆಯುತ್ತದೆ, ಆದರೆ ಕಣ್ಣಿಗೆ ಸಿಗದಷ್ಟು. ಅಮೆರಿಕದ ಸುಪೀರಿಯರ್‌ನಂಥ ದೈತ್ಯ ಸರೋವರದಲ್ಲೇ ಚಂದ್ರನ ಉಬ್ಬರ ಐದು ಸೆಂಟಿಮೀಟರಿಗೂ ಕಡಿಮೆ. ನಮ್ಮ ಹಿನ್ನೀರಿನಲ್ಲಿ ಅದು ಮಿಲಿಮೀಟರುಗಳ ಮಾತು, ಒಂದು ಸಣ್ಣ ಗಾಳಿ ಬೀಸಿದರೆ ಅಳಿಸಿಹೋಗುತ್ತದೆ.

ಆದರೆ ಚಂದ್ರ ಎಳೆಯುವುದು ನೀರನ್ನಷ್ಟೇ ಅಲ್ಲ. ನೆಲವನ್ನೂ! ಕೂಡ್ಲಿಗಿ, ಗುಡೇಕೋಟೆಯ ಕಡೆ ಕರಡಿಗಳಿಗೆ ಗುಹೆಯಾಗಿ ನಿಂತಿರುವ ಆ ಗ್ರಾನೈಟ್ ಗುಡ್ಡಗಳಿವೆಯಲ್ಲ, ಸುಮಾರು 250 ಕೋಟಿ ವರ್ಷ ಹಳೆಯವು, ಅವು ದಿನಕ್ಕೆರಡು ಸಲ ಏರಿ ಇಳಿಯುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಸುತ್ತಮುತ್ತ ಸೂರ್ಯ-ಚಂದ್ರರ ಎಳೆತ ಕೂಡಿದಾಗ ನಮ್ಮ ಅಕ್ಷಾಂಶದಲ್ಲಿ ಈ ಏರಿಳಿತ ಒಂದಡಿಗೂ ಮಿಕ್ಕುತ್ತದೆ. ಅಷ್ಟಮಿಯ ಹೊತ್ತಿಗೆ ಅರ್ಧ ಅಡಿಯಷ್ಟು. ಒಂದಡಿ! ಗುಡ್ಡ, ಗುಡ್ಡದ ಮೇಲಿನ ಕೋಟೆ, ಕೆಳಗಿನ ಊರು, ಬಸ್‌ಸ್ಟ್ಯಾಂಡು, ಕೊಟ್ಟೂರೇಶ್ವರನ ತೇರು, ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ. ಸಾವಿರಾರು ಕಿಲೋಮೀಟರ್ ಅಗಲದ ನೆಲ ಆರು ತಾಸು ಹಿಡಿದು ಒಟ್ಟಿಗೇ ಏರುವುದರಿಂದ ಲೋಟದ ನೀರೂ ಅಲುಗುವುದಿಲ್ಲ. ಇದು ಬರೀ ಲೆಕ್ಕದ ಮಾತೂ ಅಲ್ಲ. ಜಿನೀವಾ ಬಳಿ ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಕಣವೇಗವರ್ಧಕದಲ್ಲಿ 1990ರ ದಶಕದ ಶುರುವಿನಲ್ಲಿ ಕಿರಣದ ಶಕ್ತಿ ತಾಸಿನಿಂದ ತಾಸಿಗೆ ಬದಲಾಗುತ್ತಿತ್ತು. ಹುಡುಕಿದರೆ ಕಾರಣ ಚಂದ್ರ: ಆ ಉಂಗುರದ ಸುತ್ತಳತೆಯನ್ನೇ ಅವನು ಮಿಲಿಮೀಟರಿನಷ್ಟು ಹಿಗ್ಗಿಸಿ ಕುಗ್ಗಿಸುತ್ತಿದ್ದ!

ಹಡಗಲಿ ತಾಲ್ಲೂಕಿನ ಮೈಲಾರವನ್ನು ನೆನೆಯಿರಿ. ಭರತ ಹುಣ್ಣಿಮೆಯ ಜಾತ್ರೆ. ಹುಣ್ಣಿಮೆ ಕಳೆದ ಎರಡನೆಯ ದಿನ ಡೆಂಗನ ಮರಡಿಯಲ್ಲಿ ಲಕ್ಷಾಂತರ ಜನ. ಗೊರವಯ್ಯ ಬಿಲ್ಲನ್ನೇರಿ “ಸದ್ದಲೇ” ಎಂದಾಗ ಅಷ್ಟೂ ಜನ ಉಸಿರು ಹಿಡಿದು ಅವನ ಭವಿಷ್ಯವಾಣಿಗೆ, ಕಾರಣಿಕಕ್ಕೆ, ಕಿವಿಗೊಡುತ್ತಾರೆ. ಉಬ್ಬರ ಜೋರಾಗಿರುವ ದಿನಗಳೇ ಅವು. ಆ ದಿನ ನಡುಹಗಲಿನ ಸುಮಾರಿಗೆ ಮರಡಿಯ ನೆಲ ಮೇಲಕ್ಕೆ ಬಂದಿರುತ್ತದೆ. ಸಂಜೆ ಕಾರಣಿಕದ ಹೊತ್ತಿಗೆ, ಅಷ್ಟು ಜನರನ್ನೂ ಹೊತ್ತುಕೊಂಡು, ಸದ್ದಿಲ್ಲದೆ ಇಳಿಯುತ್ತಿರುತ್ತದೆ.

ಇದನ್ನು ಕಣ್ಣಾರೆ ಕಾಣುವ ದಾರಿ ಇಲ್ಲವೇ? ಇದೆ, ಅದೂ ನಮ್ಮ ಹತ್ತಿರ ಬೇಕಾದಷ್ಟಿರುವ ವಸ್ತುವಿನಲ್ಲಿ. ಬೋರ್‌ವೆಲ್! ತೆರೆದ ಬಾವಿಯಲ್ಲಿ ಕಾಣುವುದಿಲ್ಲ. ಆದರೆ ಆಳದ ಬಂಡೆಯ ಬಿರುಕುಗಳಲ್ಲಿ ಒತ್ತಡಕ್ಕೆ ಸಿಕ್ಕಿದ ನೀರು ಚಂದ್ರನ ಮಾತು ಕೇಳುತ್ತದೆ. ಬಂಡೆ ಉಬ್ಬಿದಾಗ ಬಿರುಕು ಕೂದಲೆಳೆಗಿಂತಲೂ ಎಷ್ಟೋ ಕಡಿಮೆ ಅಳತೆಯಷ್ಟು ಹಿಗ್ಗುತ್ತದೆ, ಅಷ್ಟಕ್ಕೇ ಸಣ್ಣ ಕೊಳವೆಯಲ್ಲಿ ನೀರು ಸೆಂಟಿಮೀಟರುಗಳಷ್ಟು ಇಳಿಯುತ್ತದೆ. ಗಮನಿಸಿ: ಚಂದ್ರ ನೆತ್ತಿಗೆ ಬಂದರೆ ಬೋರಿನ ನೀರು ಏರುವುದಿಲ್ಲ, ಇಳಿಯುತ್ತದೆ! 1880ರಲ್ಲಿ ಕ್ಲೋನೆ ಎಂಬಾತ ಬೊಹೀಮಿಯಾದ ಡುಕ್ಸ್‌ನಲ್ಲಿ ನೀರು ತುಂಬಿದ ಕಲ್ಲಿದ್ದಲ ಗಣಿಯೊಂದರಲ್ಲಿ, ಕಡಲಿನಿಂದ ನೂರಾರು ಕಿಲೋಮೀಟರ್ ದೂರದಲ್ಲಿ, ಇಂಥ ಏರಿಳಿತ ಕಂಡು ಬರೆದಿಟ್ಟ. ನಮ್ಮ ಪಕ್ಕದ ಮಹಾರಾಷ್ಟ್ರದ ಕೊಯ್ನಾ ಸುತ್ತ ಭೂಕಂಪ ಅಧ್ಯಯನಕ್ಕೆಂದು ಕೊರೆದ ಬಾವಿಗಳಲ್ಲೂ ವಿಜ್ಞಾನಿಗಳು ಇದನ್ನು ಅಳೆದಿದ್ದಾರೆ.

ಗಾಳಿಯ ಉಬ್ಬರ ನೋಡಲು ಅಷ್ಟೂ ಬೇಡ, ಒತ್ತಡ ಅಳೆಯುವ ಸೆನ್ಸರ್ ಇರುವ ಮೊಬೈಲ್ ಸಾಕು. ಬೆಳಿಗ್ಗೆ ಹತ್ತಕ್ಕೆ ವಾಯುಭಾರ ಏರಿರುತ್ತದೆ, ಸಂಜೆ ನಾಲ್ಕಕ್ಕೆ ಮೂರು-ನಾಲ್ಕು ಮಿಲಿಬಾರ್ ಇಳಿದಿರುತ್ತದೆ, ರಾತ್ರಿ ಹತ್ತಕ್ಕೆ ಮತ್ತೆ ಏರು, ನಸುಕಿನ ನಾಲ್ಕಕ್ಕೆ ಮತ್ತೆ ಇಳಿವು. ಬಿಸಿಲು ವಾತಾವರಣವನ್ನು ಕಾಯಿಸಿ ಎಬ್ಬಿಸುವ ಅಲೆ ಇದು, ನಮ್ಮಂಥ ಉಷ್ಣವಲಯದಲ್ಲಿ ಗಡಿಯಾರದಷ್ಟು ನಿಯತ್ತು. ದಕ್ಷಿಣ ಅಮೆರಿಕದಲ್ಲಿ ಇದನ್ನು ಕಂಡ ಪ್ರಕೃತಿವಿಜ್ಞಾನಿ ಹಂಬೋಲ್ಟ್, ವಾಯುಭಾರಮಾಪಕ ನೋಡಿಯೇ ಹೊತ್ತು ಹೇಳಬಹುದೆಂದು ಬೆರಗಾಗಿದ್ದ.

ನನಗೊಂದು ಆಸೆ ಗಟ್ಟಿಯಾಗಿ ಕೂತಿದೆ. ಕೊಟ್ಟೂರಿನದೋ ಕೂಡ್ಲಿಗಿಯದೋ ಒಂದು ಸರ್ಕಾರಿ ಶಾಲೆ, ಆವರಣದಲ್ಲಿ ಪಂಪು ತೆಗೆದ, ಆದರೆ ಆಳದಲ್ಲಿ ನೀರಿರುವ, ಕೇಸಿಂಗ್ ಗಟ್ಟಿಯಾಗಿರುವ ಒಂದು ಹಳೆ ಬೋರು. ಅದಕ್ಕೆ ಮಟ್ಟ ಅಳೆಯುವ ಸೆನ್ಸರ್ ಒಂದನ್ನು ಇಳಿಬಿಟ್ಟು, ಬಾಯಿಗೆ ಮಕ್ಕಳು ಬೀಳದಂತೆ ಬೀಗ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಬರೆಸಬೇಕು, ಎರಡು ಹುಣ್ಣಿಮೆ ದಾಟುವವರೆಗೆ. ಸುತ್ತಲ ಹೊಲದಲ್ಲಿ ಮೋಟರು ಓಡಿದಾಗಿನ ಗದ್ದಲ ಬೇರೆಯಾಗಿ ಕಾಣುತ್ತದೆ, ಅದನ್ನು ಬದಿಗಿಟ್ಟರಾಯಿತು. ಆಮೇಲೆ ಎಂಟನೇ ತರಗತಿಯ ಮಕ್ಕಳ ಮುಂದೆ ಆ ಗೆರೆ ಹರಡಿ ಒಂದೇ ಪ್ರಶ್ನೆ ಕೇಳಬೇಕು: ಇದರಲ್ಲಿ ಯಾವ ಏರಿಳಿತ ದಿನಾ ಅದೇ ಹೊತ್ತಿಗೆ ಬರುತ್ತದೆ, ಯಾವುದು ದಿನಕ್ಕೆ ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ? ಹೊತ್ತು ತಪ್ಪದೆ ಬರುವುದು ಸೂರ್ಯನದು. ತಡವಾಗುತ್ತ ಹೋಗುವುದು ಚಂದ್ರನದು. ಅದನ್ನು ಮೊದಲು ಬೆರಳಿಟ್ಟು ತೋರಿಸುವ ಹುಡುಗಿಯ ಪಕ್ಕದಲ್ಲಿ ನಾನಿರಬೇಕು!